ಪದವಿಯಾದ ಮೇಲೆ ಅಮೆರಿಕದಲ್ಲಿ ನರ್ಸಿಂಗ್: ಅರ್ಜಿಗೂ ಮೊದಲು ಮುಗಿಸಬೇಕಾದ ಪಾಠಗಳು

ಬೇರೆ ವಿಷಯದಲ್ಲಿ ಪದವಿ ಪಡೆದವರು ಅಮೆರಿಕದಲ್ಲಿ ನರ್ಸ್ ಆಗಲು ಮತ್ತೆ ನಾಲ್ಕು ವರ್ಷ ಓದಬೇಕಿಲ್ಲ. ಅಂಥವರಿಗೆಂದೇ ಅಲ್ಲಿನ ವಿಶ್ವವಿದ್ಯಾಲಯಗಳು ಎ.ಬಿ.ಎಸ್.ಎನ್. ಎಂಬ ತ್ವರಿತ ಪದವಿ ನಡೆಸುತ್ತವೆ. ಅವಧಿ ಸಾಮಾನ್ಯವಾಗಿ 11ರಿಂದ 18 ತಿಂಗಳು. ಆಮೇಲೆ ನರ್ಸ್ ಪರವಾನಗಿಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ, ರಾಜ್ಯದ ಪರವಾನಗಿ. ಸಂಗಾತಿಯ ಉದ್ಯೋಗದ ಕಾರಣಕ್ಕೆ ಟೆಕ್ಸಸ್‌ಗೋ ನ್ಯೂಜೆರ್ಸಿಗೋ ಹೋಗಿ ನೆಲೆಸಿದ ನಮ್ಮ ಎಂಜಿನಿಯರಿಂಗ್, ಬಿ.ಕಾಂ. ಪದವೀಧರೆಯರಿಗೂ ಈ ದಾರಿ ತೆರೆದಿದೆ. ಆದರೆ ಜಾಹೀರಾತು ಆ 11 ತಿಂಗಳನ್ನಷ್ಟೇ ದಪ್ಪ ಅಕ್ಷರದಲ್ಲಿ ಹಾಕುತ್ತದೆ. ಪ್ರವೇಶಕ್ಕೆ ಮುನ್ನ ಮುಗಿಸಿರಬೇಕಾದ ಕೋರ್ಸ್‌ಗಳಿಗೇ ಒಂದರಿಂದ ಒಂದೂವರೆ ವರ್ಷ ಹಿಡಿಯಬಹುದು.

ಎಲ್ಲಕ್ಕಿಂತ ಮೊದಲು ವೀಸಾ ನೋಡಿಕೊಳ್ಳಿ. ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿರುವವರು ಓದಬಹುದು, ಅದಕ್ಕೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ದುಡಿಯಲು ಮಾತ್ರ ಪ್ರತ್ಯೇಕ ಅನುಮತಿ ಬೇಕು, ಅದು ಎಲ್ಲ ಎಚ್-4 ವೀಸಾದಾರರಿಗೂ ಸಿಗುವುದಿಲ್ಲ. ಪರವಾನಗಿ ಕೈಯಲ್ಲಿದ್ದೂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲಾಗದ ಸ್ಥಿತಿ ಬರಬಾರದು. ಇದನ್ನು ಬಗೆಹರಿಸಿಕೊಂಡ ಮೇಲೆಯೇ ಶುಲ್ಕ ಕಟ್ಟಿ.

ಹಳೆಯ ಅಂಕಪಟ್ಟಿಯ ಬೆಲೆ ಎಷ್ಟು?

ಭಾರತದ ಪದವಿಯನ್ನು ಡಬ್ಲ್ಯು.ಇ.ಎಸ್. ಅಥವಾ ಇ.ಸಿ.ಇ.ಯಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಯಾವ ಸಂಸ್ಥೆಯ ವರದಿ ನಡೆಯುತ್ತದೆ ಎಂದು ನೀವು ಸೇರಬೇಕೆಂದಿರುವ ಕಾಲೇಜನ್ನೇ ಕೇಳಿ. ಪದವಿಯನ್ನಷ್ಟೇ ಹೆಸರಿಸುವ ಅಗ್ಗದ ವರದಿ ಸಾಲದು, ಪ್ರತಿ ವಿಷಯದ ಕ್ರೆಡಿಟ್ ಮತ್ತು ಶ್ರೇಣಿ ತೋರಿಸುವ ವರದಿಯೇ ಬೇಕು. ನಮ್ಮ ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ. ಪದವಿಗಳು ಎಲ್ಲ ಕಡೆ ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಎನಿಸುವುದಿಲ್ಲ. ಈ ಪ್ರಶ್ನೆಗೂ ಮಿಂಚಂಚೆಯಲ್ಲಿ ಉತ್ತರ ಪಡೆದಿಟ್ಟುಕೊಳ್ಳಿ.

ಹಳೆಯ ವಿಷಯಗಳು ಲೆಕ್ಕಕ್ಕೆ ಬರುತ್ತವೆ ಎಂದು ಹೆಚ್ಚು ಆಸೆ ಪಡಬೇಡಿ. ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ಕೊಯ್ದದ್ದು ಕಪ್ಪೆ, ಜಿರಲೆ. ಅವರು ಕೇಳುವುದು ಮಾನವ ಅಂಗರಚನೆ. ಎಂಜಿನಿಯರಿಂಗ್‌ನಲ್ಲಿ ಸಂಖ್ಯಾಶಾಸ್ತ್ರ ಓದಿರುತ್ತೀರಿ, ಆದರೆ ಅಂಕಪಟ್ಟಿಯಲ್ಲಿ ಕಾಣುವುದು ಬರೀ ‘ಗಣಿತ-4’. ಅಂಥ ಕಡೆ ವಿಶ್ವವಿದ್ಯಾಲಯದ ಮೊಹರು ಬಿದ್ದ ಪಠ್ಯಕ್ರಮದ ಪ್ರತಿಯನ್ನು ತೋರಿಸಿ ಕೇಳಬಹುದು. ಬಿ.ಫಾರ್ಮಾ ಓದಿದವರಿಗೆ ಅವಕಾಶ ಸ್ವಲ್ಪ ಹೆಚ್ಚು. ಅಂಗರಚನೆ, ಶರೀರಕ್ರಿಯೆ ಎರಡೂ ಅವರ ಪಠ್ಯದಲ್ಲೇ ಇವೆ. ಆದರೂ ಅನೇಕ ಕಾಲೇಜುಗಳು ವಿಜ್ಞಾನದ ಕೋರ್ಸ್‌ಗಳು ಕಳೆದ ಐದು ಅಥವಾ ಏಳು ವರ್ಷಗಳೊಳಗಿನವೇ ಆಗಿರಬೇಕು ಎನ್ನುತ್ತವೆ. ಹತ್ತು ವರ್ಷದ ಹಿಂದಿನ ಡಿಸ್ಟಿಂಕ್ಷನ್ ಅಲ್ಲಿ ಕೆಲಸಕ್ಕೆ ಬಾರದು.

ಏನೇನು ಓದಬೇಕು?

ಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಅಂಗರಚನೆ ಮತ್ತು ಶರೀರಕ್ರಿಯಾಶಾಸ್ತ್ರದ ಎರಡು ಭಾಗಗಳು, ಸೂಕ್ಷ್ಮಜೀವಿಶಾಸ್ತ್ರ, ಸಂಖ್ಯಾಶಾಸ್ತ್ರ, ಬೆಳವಣಿಗೆಯ ಮನೋವಿಜ್ಞಾನ ಹೆಚ್ಚಿನ ಕಡೆ ಇರುತ್ತವೆ. ರಸಾಯನಶಾಸ್ತ್ರ, ಪೋಷಣಾಶಾಸ್ತ್ರವನ್ನೂ ಹಲವರು ಕೇಳುತ್ತಾರೆ. ಮೂರು ನಾಲ್ಕು ಕಾಲೇಜುಗಳನ್ನು ಆರಿಸಿ, ಅವುಗಳ ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ. ಎಲ್ಲದರಲ್ಲೂ ಇರುವ ಕೋರ್ಸ್‌ಗಳಿಂದ ಶುರು ಮಾಡಿ. ಒಬ್ಬರೇ ಕೇಳುವುದನ್ನು ಕೊನೆಗಿಡಿ.

ಓದಲು ಮನೆ ಹತ್ತಿರದ ಸಮುದಾಯ ಕಾಲೇಜು (ಎರಡು ವರ್ಷದ ಕೋರ್ಸ್‌ಗಳ ಸ್ಥಳೀಯ ಕಾಲೇಜು) ಸಾಕು. ವಿಶ್ವವಿದ್ಯಾಲಯಕ್ಕಿಂತ ಶುಲ್ಕ ಕಡಿಮೆ, ಸಂಜೆಯ ತರಗತಿಗಳೂ ಸಿಗುತ್ತವೆ. ನಿಮ್ಮ ವೀಸಾಕ್ಕೆ ಸ್ಥಳೀಯ ನಿವಾಸಿಯ ದರ ಅನ್ವಯಿಸುತ್ತದೆಯೇ ಎಂದು ವಿಚಾರಿಸಿ, ಇದರಲ್ಲಿ ಒಂದೊಂದು ರಾಜ್ಯದ ನಿಯಮ ಒಂದೊಂದು. ಆನ್‌ಲೈನ್ ಪ್ರಯೋಗಾಲಯವನ್ನು ಕೆಲವು ನರ್ಸಿಂಗ್ ಕಾಲೇಜುಗಳು ಒಪ್ಪುವುದಿಲ್ಲ. ಪ್ರಯೋಗಾಲಯವಿರುವ ಕೋರ್ಸ್‌ಗೆ ತರಗತಿಯಲ್ಲೇ ಕೂರುವುದು ಕ್ಷೇಮ.

ಲೆಕ್ಕ ಹಿಂದಿನಿಂದ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿ. ಅಂಗರಚನೆಯ ಮೊದಲ ಭಾಗ ಮುಗಿಯದೆ ಎರಡನೆಯದಕ್ಕೆ ಸೇರಿಸಿಕೊಳ್ಳುವುದಿಲ್ಲ. ಎಷ್ಟೋ ಸಮುದಾಯ ಕಾಲೇಜುಗಳು ಮೊದಲ ಭಾಗಕ್ಕೇ ಸಾಮಾನ್ಯ ಜೀವಶಾಸ್ತ್ರ ಆಗಿರಬೇಕು ಎನ್ನುತ್ತವೆ. ಪೂರ್ವಸಿದ್ಧತೆಗೂ ಒಂದು ಪೂರ್ವಸಿದ್ಧತೆ! ಹೀಗಾಗಿ ಎರಡು ಸೆಮಿಸ್ಟರ್ ಎಂದುಕೊಂಡದ್ದು ಮೂರಾಗುತ್ತದೆ. ಅರ್ಜಿಯ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ ಒಂದೊಂದೇ ಸೆಮಿಸ್ಟರ್ ಹಿಂದಕ್ಕೆ ಎಣಿಸಿ. ಅರ್ಜಿ ಹಾಕುವಾಗ ಒಂದೆರಡು ಕೋರ್ಸ್ ಬಾಕಿ ಇದ್ದರೆ ಒಪ್ಪುವ ಕಾಲೇಜುಗಳಿವೆ, ಎಲ್ಲವೂ ಮುಗಿದಿರಲೇಬೇಕು ಎನ್ನುವವೂ ಇವೆ.

ಆಗಸ್ಟ್‌ನಲ್ಲಿ ಶುರು ಮಾಡುವವರು ಡಿಸೆಂಬರ್‌ವರೆಗೆ ಅಂಗರಚನೆ-1 ಮತ್ತು ಸಂಖ್ಯಾಶಾಸ್ತ್ರ, ಜನವರಿಯಿಂದ ಮೇ ತನಕ ಅಂಗರಚನೆ-2 ಮತ್ತು ಮನೋವಿಜ್ಞಾನ, ಬೇಸಿಗೆಯಲ್ಲಿ ಪೋಷಣಾಶಾಸ್ತ್ರ, ಮುಂದಿನ ಆಗಸ್ಟ್‌ನಿಂದ ಸೂಕ್ಷ್ಮಜೀವಿಶಾಸ್ತ್ರ ಎಂದು ಹಂಚಿಕೊಳ್ಳಬಹುದು. ಅಂಗರಚನೆಯನ್ನು ಬೇಸಿಗೆಯ ಕಿರು ಅವಧಿಗೆ ತುರುಕಬೇಡಿ ಎಂಬುದು ನನ್ನ ಸಲಹೆ. ಹದಿನೈದು ವಾರಗಳ ಎಲುಬು, ಸ್ನಾಯು, ನರಗಳ ಹೆಸರನ್ನು ಆರೆಂಟು ವಾರಗಳಲ್ಲಿ ಬಾಯಿಪಾಠ ಮಾಡುವುದು ಸಣ್ಣ ಮಕ್ಕಳಿರುವ ಮನೆಯಲ್ಲಿ ಆಗದ ಮಾತು.

ಅಂಕ ಕಡಿಮೆ ಬಂದರೆ ಆಟ ಅಲ್ಲಿಗೇ ಮುಗಿಯಬಹುದು. ಒಟ್ಟು ಸರಾಸರಿ (ಜಿ.ಪಿ.ಎ.) 4ಕ್ಕೆ 3.0 ಎಂದು ಅನೇಕ ಕಡೆ ಕನಿಷ್ಠ ಮಿತಿ ಇದೆ, ಸೀಟು ಪಡೆಯುವವರದು ಅದಕ್ಕಿಂತ ಮೇಲಿರುತ್ತದೆ. ವಿಜ್ಞಾನದ ಸರಾಸರಿಯನ್ನು ಬೇರೆಯಾಗಿ ನೋಡುವವರೂ ಇದ್ದಾರೆ. ಕೋರ್ಸನ್ನು ಎರಡನೇ ಸಲ ಓದಿದರೆ ಕೆಲವು ಕಾಲೇಜುಗಳು ಎರಡೂ ಅಂಕಗಳನ್ನು ಕೂಡಿಸಿ ಭಾಗಿಸುತ್ತವೆ. ಮೊದಲ ಪರೀಕ್ಷೆಯಲ್ಲೇ ಸೋಲುವ ಸೂಚನೆ ಕಂಡರೆ, ಕೋರ್ಸ್ ಬಿಡುವ ಕೊನೆಯ ದಿನಾಂಕದೊಳಗೆ ಉಪನ್ಯಾಸಕರನ್ನು ಕಂಡು ಮಾತನಾಡಿ.

ಟೀಸ್ ಅಥವಾ ಹೆಸಿ ಪ್ರವೇಶ ಪರೀಕ್ಷೆ ಕೇಳುವ ಕಾಲೇಜುಗಳೂ ಇವೆ. ಅಂಗರಚನೆ ಮುಗಿದ ಕೂಡಲೇ, ನೆನಪು ಹಸಿಯಾಗಿರುವಾಗ ಬರೆಯುವುದು ಸುಲಭ. ಎಷ್ಟೋ ಕಾಲೇಜುಗಳು ಅರ್ಜಿ ಪಡೆಯುವುದು ನರ್ಸಿಂಗ್‌ಕ್ಯಾಸ್ ಜಾಲತಾಣದ ಮೂಲಕ. ಅಲ್ಲಿ ನೀವು ಓದಿದ ಪ್ರತಿಯೊಂದು ಕಾಲೇಜಿನ ಹೆಸರೂ ಇರಬೇಕು, ಅಲ್ಲಿ ಓದಿದ್ದು ಒಂದೇ ಕೋರ್ಸ್ ಆಗಿದ್ದರೂ. ಊರಿನ ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಲಕೋಟೆಯಲ್ಲಿ ಅಧಿಕೃತ ಅಂಕಪಟ್ಟಿ ಹೊರಡಲು ತಿಂಗಳುಗಳೇ ಬೇಕಾಗಬಹುದು. ಅಂಕಪಟ್ಟಿ ಕೋರುವ ಅರ್ಜಿಯನ್ನು ಮೊದಲ ಸೆಮಿಸ್ಟರ್ ಆರಂಭವಾಗುವ ವಾರವೇ ಕಳುಹಿಸಿಬಿಡಿ.