ಒಂದೆಲಗದ ಸಾರ, ಇಲಿಯ ನೆನಪು: ಪ್ಲಸ್ ಮೇಜ್‌ನಲ್ಲಿ ಪರೀಕ್ಷೆ

ತುಮಕೂರಿನಲ್ಲಿ ಬ್ರಾಹ್ಮಿ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಒಂದೆಲಗ. ಬ್ರಾಹ್ಮಿ ಎಂದೇ ಕರೆಸಿಕೊಳ್ಳುವ ಬಕೋಪಾ ಬೇರೆಯೇ ಗಿಡ, ಅದರ ಎಲೆ ಸಣ್ಣದು, ದಪ್ಪ, ಜೋಡಿಜೋಡಿಯಾಗಿರುತ್ತದೆ. ಸಸ್ಯಶಾಸ್ತ್ರಜ್ಞರಿಗೆ ತೋರಿಸಿ, ಒಣಗಿಸಿದ ಮಾದರಿಯನ್ನು ಎತ್ತಿಡಿ. ಚರಂಡಿ ಸೇರುವ ಕೆರೆಯಂಚಿನ ಸೊಪ್ಪು ಬೇಡ.

ನೆರಳಲ್ಲಿ ಒಣಗಿಸಿದ ಪುಡಿ 100 ಗ್ರಾಂ, 70% ಎಥನಾಲ್ 1 ಲೀಟರ್. 3 ದಿನ ನೆನೆಯಲಿ, ಆಗಾಗ ಅಲುಗಿಸಿ. ಸೋಸಿ, ರೋಟರಿ ಇವಾಪರೇಟರ್‌ನಲ್ಲಿ 45 ಡಿಗ್ರಿ ಮೀರದಂತೆ ಇಂಗಿಸಿ. ಸಪೋನಿನ್‌ನಿಂದ (ಗಿಡದಲ್ಲಿರುವ, ಸೋಪಿನಂತೆ ನೊರೆಯೇಳುವ ವಸ್ತು) ನೊರೆ ಉಕ್ಕಿ ಕಂಡೆನ್ಸರ್‌ಗೆ ನುಗ್ಗುತ್ತದೆ. ಫ್ಲಾಸ್ಕನ್ನು ಮೂರನೇ ಒಂದು ಭಾಗ ಮಾತ್ರ ತುಂಬಿ, ವ್ಯಾಕ್ಯೂಮ್ ನಿಧಾನವಾಗಿ ಏರಿಸಿ.

ಫಾರ್ಮ್ ಬಿ (ಪ್ರಾಣಿಪ್ರಯೋಗದ ಅರ್ಜಿ) ಸಲ್ಲಿಸಿ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆಯೇ ಇಲಿ ಮುಟ್ಟಬೇಕು. ಒಇಸಿಡಿ 423ರ (ವಿಷತ್ವ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ ವಿಷತ್ವ ನೋಡಿಕೊಂಡು ಡೋಸ್ ನಿರ್ಧರಿಸಿ. 20–25 ಗ್ರಾಂನ ಸ್ವಿಸ್ ಆಲ್ಬಿನೋ ಇಲಿಗಳು, ಗುಂಪಿಗೆ 6, ಗುಂಪು 5: ಬರೀ ಸಿಎಂಸಿ (ಸಾರ ಕಲಸುವ ಅಂಟುದ್ರಾವಣ), ಸ್ಕೋಪೊಲಮಿನ್ (ನೆನಪು ಕೆಡಿಸುವ ಔಷಧಿ), ಪಿರಾಸಿಟಾಮ್ (ಹೋಲಿಕೆಗೆ, ನೆನಪಿಗೆಂದು ಕೊಡುವ ಔಷಧಿ), ಸಾರ 100 ಮತ್ತು 200 ಮಿ.ಗ್ರಾಂ/ಕೆ.ಜಿ. ಕೊನೆಯ ಮೂರಕ್ಕೂ ಸ್ಕೋಪೊಲಮಿನ್ ಉಂಟು. ಕುಡಿಯಲು ಬೋರ್‌ವೆಲ್ ನೀರಿಡಬೇಡಿ. ಪಾವಗಡ, ಕೋಲಾರದ ಕಡೆ ಫ್ಲೋರೈಡ್ ಜಾಸ್ತಿ. ಅದು ಅತಿಯಾದರೆ ಇಲಿಯ ಕಲಿಕೆಯೇ ಕುಗ್ಗುತ್ತದೆ, ಫಲಿತಾಂಶ ಕೆಡುತ್ತದೆ. ಆರ್‌ಓ ನೀರು ಸಾಕು.

ಸಾರವನ್ನು 0.5% ಸಿಎಂಸಿಯಲ್ಲಿ ಕಲಸಿ, ಕೆ.ಜಿ.ಗೆ 10 ಮಿ.ಲೀ. ಲೆಕ್ಕದಲ್ಲಿ ಬಾಯಿಗೆ ಕೊಡಿ. 200ರ ಡೋಸಿಗೆ ಮಿ.ಲೀ.ಗೆ 20 ಮಿ.ಗ್ರಾಂ, 25 ಗ್ರಾಂ ಇಲಿಗೆ 0.25 ಮಿ.ಲೀ. ಸಾರ ತಳಕ್ಕಿಳಿಯುತ್ತದೆ, ಪ್ರತಿ ಸಿರಿಂಜಿಗೂ ಮೊದಲು ಕಲಕಬೇಕು. ಇಲ್ಲದಿದ್ದರೆ ಕೊನೆಯ ಇಲಿಗೆ ಡೋಸ್ ಹೆಚ್ಚಾಗುತ್ತದೆ.

ಹೀಗೆ 14 ದಿನ. ಕೊನೆಯ ದಿನ ಡೋಸ್ ಆಗಿ 90 ನಿಮಿಷಕ್ಕೆ ಸ್ಕೋಪೊಲಮಿನ್ 0.4 ಮಿ.ಗ್ರಾಂ/ಕೆ.ಜಿ. ಹೊಟ್ಟೆಗೆ ಚುಚ್ಚಿ, ಮತ್ತೆ 45 ನಿಮಿಷ ಬಿಟ್ಟು ಇಲಿಯನ್ನು ಪ್ಲಸ್ ಮೇಜ್‌ನ (ನೆಲದಿಂದ ಎತ್ತರದಲ್ಲಿಟ್ಟ, ಕೂಡುವ ಚಿಹ್ನೆಯಾಕಾರದ ಹಾದಿ; ಎರಡು ತೋಳು ತೆರೆದಿದ್ದರೆ ಎರಡಕ್ಕೆ ಗೋಡೆಯಿರುತ್ತದೆ) ತೆರೆದ ತೋಳಿನ ತುದಿಯಲ್ಲಿ, ನಡುವಿಗೆ ಬೆನ್ನು ಮಾಡಿ ಇಡಿ. ನಾಲ್ಕೂ ಕಾಲು ಮುಚ್ಚಿದ ತೋಳಿನೊಳಗೆ ಹೋಗುವವರೆಗಿನ ಸೆಕೆಂಡುಗಳನ್ನು ಬರೆದುಕೊಳ್ಳಿ. 90 ದಾಟಿದರೆ ಮೆಲ್ಲಗೆ ಒಳತಳ್ಳಿ, 90 ಎಂದೇ ಬರೆಯಿರಿ. 24 ಗಂಟೆ ಬಿಟ್ಟು, ಔಷಧಿ ಕೊಡದೆ, ಮತ್ತೊಮ್ಮೆ. ಪ್ರತಿ ಇಲಿಯ ನಂತರ ಸ್ಪಿರಿಟ್‌ನಿಂದ ಒರೆಸಿ, ವಾಸನೆ ಆರಲಿ. ಗಡಿಯಾರ ಹಿಡಿದವರಿಗೆ ಗುಂಪು ಗೊತ್ತಿರಬಾರದು.

ಎರಡನೇ ದಿನ ಬೇಗ ಒಳಹೋದರೆ ನೆನಪಿದೆ ಎನ್ನುವುದು ರೂಢಿ. ಎಡವಟ್ಟಾಗುವುದೂ ಅಲ್ಲೇ. ಒಂದೆಲಗ ಅಂಜಿಕೆ ತಗ್ಗಿಸಬಹುದು. ಭಯವಿಲ್ಲದ ಇಲಿ ತೆರೆದ ತೋಳಿನಲ್ಲೇ ಸುತ್ತಾಡುತ್ತದೆ, ಮರೆತಂತೆ ಕಾಣುತ್ತದೆ. ಮಂಪರು ಬಂದರೂ ಅಷ್ಟೇ. ಸ್ಕೋಪೊಲಮಿನ್ ಓಡಾಟ ಹೆಚ್ಚಿಸಿದರೆ ಉಲ್ಟಾ ತಪ್ಪು. ಹಾಗಾಗಿ ಸಾರದಿಂದಲೇ ಮಂಪರು ಬರುತ್ತಿದೆಯೇ ಎಂದು ತಿಳಿಯಲು 13ನೇ ದಿನವೇ ಆಕ್ಟೋಫೋಟೋಮೀಟರ್‌ನಲ್ಲಿ (ಬೆಳಕಿನ ಕಿರಣಗಳಿಂದ ಓಡಾಟ ಎಣಿಸುವ ಪೆಟ್ಟಿಗೆ) 5 ನಿಮಿಷ ಓಡಾಟ ಎಣಿಸಿ. ಪ್ಲಸ್ ಮೇಜ್‌ನ ಮೊದಲ ದಿನವೇ ಗುಂಪುಗಳ ನಡುವೆ ದೊಡ್ಡ ಅಂತರವಿದ್ದರೆ ಅದು ನೆನಪಿನದಲ್ಲ, ಇಲಿ ಇನ್ನೂ ಏನೂ ಕಲಿತಿಲ್ಲ. ಸ್ಕೋಪೊಲಮಿನ್ ಗುಂಪು ಸಿಎಂಸಿ ಗುಂಪಿಗಿಂತ ಹಿಂದೆ ಬೀಳದಿದ್ದರೆ ಆ ಬ್ಯಾಚನ್ನೇ ಬಿಡಿ.

ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವ ಅಸಿಟೈಲ್‌ಕೋಲಿನೆಸ್ಟರೇಸ್ ಅಳೆಯುವುದಾದರೆ ಮೆದುಳನ್ನು ತಕ್ಷಣ ಐಸ್ ಮೇಲಿಟ್ಟು, 0.1 ಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ, ಪಿಎಚ್ 8ರಲ್ಲಿ ಅರೆದು, ಎಲ್ಮನ್ ವಿಧಾನದಂತೆ 412 ನ್ಯಾನೋಮೀಟರ್‌ನಲ್ಲಿ ಓದಿ. ಸಬ್‌ಸ್ಟ್ರೇಟ್ (ಕಿಣ್ವ ಒಡೆಯುವ ವಸ್ತು) ಹಾಕದ ಬ್ಲಾಂಕ್ ಪ್ರತಿ ಮಾದರಿಗೂ ಬೇಕು, ಮೆದುಳಿನ ಥಯಾಲ್‌ಗಳೇ (ಗಂಧಕವಿರುವ ಸಂಯುಕ್ತಗಳು) ಡಿಟಿಎನ್‌ಬಿ (ಈ ವಿಧಾನದಲ್ಲಿ ಬಣ್ಣ ಕೊಡುವ ರಾಸಾಯನಿಕ) ಜೊತೆ ಸೇರಿ ಹಳದಿ ಬಣ್ಣ ಕೊಡುತ್ತವೆ.