ಬೆನ್ನಿನ ನರಕ್ಕೆ ಇಂಜೆಕ್ಷನ್: ಒಪ್ಪಿಗೆಗೆ ಸಹಿ ಹಾಕುವ ಮುನ್ನ

ಡಿಸ್ಕ್ ಜಾರಿ ಸೊಂಟದಿಂದ ಪಾದದವರೆಗೆ ಸೆಳೆಯುವ ನೋವು ಮಾತ್ರೆಗೂ ವ್ಯಾಯಾಮಕ್ಕೂ ಬಗ್ಗದಿದ್ದಾಗ, ನರವು ಬೆನ್ನುಮೂಳೆಯಿಂದ ಹೊರಬರುವ ಕಿಂಡಿಯ ಬಳಿ ಮರಗಟ್ಟಿಸುವ ಔಷಧವನ್ನೂ ಸ್ಟೀರಾಯ್ಡನ್ನೂ ಕೊಡುವುದುಂಟು. ಇದಕ್ಕೆ ಒಪ್ಪುವ ಮುನ್ನ ವೈದ್ಯರನ್ನು ಮೊದಲು ಕೇಳಬೇಕಾದದ್ದು, ಸೂಜಿಯನ್ನು ಸಿ-ಆರ್ಮ್ ಎಕ್ಸ್‌ರೇ (ಪರದೆಯ ಮೇಲೆ ಆಗಿಂದಾಗಲೇ ಚಿತ್ರ ತೋರಿಸುವ ಯಂತ್ರ) ನೋಡುತ್ತ ಹಾಕುತ್ತೀರಾ ಎಂಬುದನ್ನು. ಎಂಆರ್‌ಐ ಯಾವ ನರ ಅದುಮಿದೆ ಎಂದು ತೋರಿಸುತ್ತದೆಯೇ ಹೊರತು, ಸೂಜಿಯ ತುದಿ ಈ ಕ್ಷಣ ಎಲ್ಲಿದೆ ಎಂದು ತೋರಿಸಲಾರದು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು: ಔಷಧಕ್ಕೆ ಮೊದಲು ಎಕ್ಸ್‌ರೇಯಲ್ಲಿ ಎದ್ದುಕಾಣುವ ಕಾಂಟ್ರಾಸ್ಟ್ ದ್ರವ ಬಿಟ್ಟು, ಅದು ಹರಿಯುವುದನ್ನು ಪರದೆಯ ಮೇಲೆ ನೇರವಾಗಿ ನೋಡುತ್ತೀರಾ? ಸಿರಿಂಜನ್ನು ಹಿಂದಕ್ಕೆಳೆದಾಗ ರಕ್ತ ಬರಲಿಲ್ಲವೆಂದ ಮಾತ್ರಕ್ಕೆ ಸೂಜಿ ರಕ್ತನಾಳದಲ್ಲಿಲ್ಲವೆಂದು ನಂಬುವಂತಿಲ್ಲ. ದ್ರವ ನರದ ಗುಂಟ ಹರಡಿದರೆ ಸರಿ, ಕ್ಷಣದಲ್ಲಿ ತೊಳೆದುಹೋದರೆ ನಾಳದೊಳಗೆ ಹೋಗಿದೆ ಎಂದರ್ಥ. ಬೆನ್ನುಹುರಿಯ ಕೆಳಭಾಗಕ್ಕೆ ರಕ್ತ ಒಯ್ಯುವ ಆಡಮ್‌ಕೀವಿಕ್ಸ್ ಎಂಬ ಅಪಧಮನಿ ಹೆಚ್ಚಿನವರಲ್ಲಿ ಎಡಬದಿಯಲ್ಲಿ, ಎದೆಯ ಕೊನೆಯ ಮತ್ತು ಸೊಂಟದ ಮೊದಲ ಕಶೇರುಗಳ ಆಸುಪಾಸಿನಲ್ಲಿ ಒಳಹೊಕ್ಕರೂ, ಕೆಲವರಲ್ಲಿ ಇನ್ನೂ ಕೆಳಗೆ ಇರುತ್ತದೆ. ಪೂರ್ತಿ ಕರಗದೆ ಸಣ್ಣ ಕಣಗಳಾಗಿ ಉಳಿಯುವ ಸ್ಟೀರಾಯ್ಡ್ ಅಂಥ ನಾಳದಲ್ಲಿ ಸಿಕ್ಕಿಕೊಂಡರೆ ಕಾಲುಗಳ ಸ್ವಾಧೀನವೇ ತಪ್ಪಬಹುದು. ಇದು ಅಪರೂಪ, ಆದರೆ ಸರಿಪಡಿಸಲಾಗದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಇಂಥ ಅಪಾಯಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್‌ನಲ್ಲಿ ಅಂಥ ಕಣಗಳಿಲ್ಲ; ಕುತ್ತಿಗೆಯ ನರದ ಕಿಂಡಿಯಲ್ಲಿ ಕೊಡುವಾಗ ಕಣಯುಕ್ತ ಸ್ಟೀರಾಯ್ಡನ್ನು ಬಳಸಲೇಬಾರದು.

ಎಕ್ಸ್‌ರೇಯ ಬದಲು ಅಲ್ಟ್ರಾಸೌಂಡ್ ನೋಡುತ್ತ ಸೂಜಿ ಹಾಕುವುದೂ ಉಂಟು. ಅದರಲ್ಲಿ ವಿಕಿರಣವಿಲ್ಲ, ಕುತ್ತಿಗೆಯ ನಾಳಗಳನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಸೊಂಟದ ಆಳದಲ್ಲಿ ಮೂಳೆಯ ನೆರಳು ಅಡ್ಡಬರುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮುಂಚಿತವಾಗಿ ಹೇಳಬೇಕು. ಬೆನ್ನುಹುರಿಯ ಸುತ್ತ ರಕ್ತ ಹೆಪ್ಪುಗಟ್ಟುವ ಭಯದಿಂದ ವಾರ್ಫರಿನ್ ಅನ್ನು ಸಾಮಾನ್ಯವಾಗಿ ಸುಮಾರು 5 ದಿನ, ಕ್ಲೋಪಿಡೋಗ್ರೆಲ್ ಅನ್ನು ಸುಮಾರು 7 ದಿನ ಮೊದಲೇ ನಿಲ್ಲಿಸುವುದುಂಟಾದರೂ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಪಕ್ಕದ ಮನೆಯವರ ಮಾತು ಕೇಳಿ ಬಿಡುವುದು ನೋವಿಗಿಂತ ದೊಡ್ಡ ಗಂಡಾಂತರ. ಹೃದಯದ ವೈದ್ಯರೇ ನಿರ್ಧರಿಸಲಿ. ಜ್ವರ, ಚರ್ಮದ ಸೋಂಕು, ಗರ್ಭಧಾರಣೆಯ ಸಾಧ್ಯತೆ, ಹಿಂದೆ ಕಾಂಟ್ರಾಸ್ಟ್‌ಗೆ ಆದ ಅಲರ್ಜಿ ಇವನ್ನೂ ಮುಚ್ಚಿಡಬಾರದು. ಸಕ್ಕರೆ ಕಾಯಿಲೆಯವರಲ್ಲಿ ಸ್ಟೀರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುವುದರಿಂದ ಮನೆಯಲ್ಲೇ ಪರೀಕ್ಷಿಸುತ್ತಿರಬೇಕು.

ಪೂರ್ತಿ ನಿದ್ದೆ ಬರಿಸಿ ಎಂದು ಒತ್ತಾಯಿಸಬೇಡಿ. ಸೂಜಿ ನರಕ್ಕೆ ತಾಗಿ ಕಾಲಿಗೆ ಮಿಂಚು ಹರಿದಂತಾದರೆ ತಕ್ಷಣ ಹೇಳಲು ನೀವು ಎಚ್ಚರವಿರಬೇಕು.

ಆನಂತರ ಕೆಲವು ಗಂಟೆ ಕಾಲು ಜೋಮು ಹಿಡಿಯಬಹುದಾದ್ದರಿಂದ ಅಂದು ಗಾಡಿ ಓಡಿಸದೆ, ಜೊತೆಗೊಬ್ಬರನ್ನು ಕರೆದೊಯ್ಯಿರಿ. ಜೋಮು ಇಳಿಯುವ ಬದಲು ಕಾಲಿನ ಬಲ ಕುಂದುತ್ತ ಹೋದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ, ಅಥವಾ ಎದ್ದು ಕೂತಾಗ ತಲೆ ಸಿಡಿದು ಮಲಗಿದಾಗ ತಗ್ಗುವಂತಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.