ಸರ್ವರ್ ಯಾವ ಊರಲ್ಲಿಡಬೇಕು: ಬಳ್ಳಾರಿ–ಕೊಪ್ಪಳ–ರಾಯಚೂರು ಜಾಲಕ್ಕೆ ನಾನು ಲೆಕ್ಕ ಹಾಕುವ ಬಗೆ

ಬಳ್ಳಾರಿ, ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಕಾರಟಗಿ, ಕೊಪ್ಪಳ, ಸಿಂಧನೂರು, ಮಾನ್ವಿ, ರಾಯಚೂರು. ಕಚೇರಿ, ಅಕ್ಕಿ ಗಿರಣಿ, ಗೋದಾಮುಗಳಿರುವ ಇಂಥ ಒಂಬತ್ತು ಊರುಗಳ ಜಾಲದಲ್ಲಿ ಬಿಲ್ಲಿಂಗ್, ಲಾಗಿನ್, ಡಿಎನ್‌ಎಸ್ (ಹೆಸರು ಕೊಟ್ಟರೆ ಸರ್ವರ್‌ನ ವಿಳಾಸ ಹೇಳುವ ಸೇವೆ) ಎಲ್ಲೆಲ್ಲಿರಬೇಕು ಎಂದು ತೀರ್ಮಾನಿಸುವಾಗ ನಾನು ರಸ್ತೆಯ ನಕ್ಷೆ ನೋಡುವುದಿಲ್ಲ. ಫೈಬರ್‌ನಲ್ಲಿ ಬೆಳಕು 100 ಕಿ.ಮೀ. ಹೋಗಿ ಬರಲು ಸುಮಾರು 1 ಮಿಲಿಸೆಕೆಂಡ್ ಸಾಕು. ಆದರೆ ಕೊಪ್ಪಳದಲ್ಲಿ ಒಂದು ಕಂಪನಿಯ ಲೈನ್, ಗಂಗಾವತಿಯಲ್ಲಿ ಇನ್ನೊಂದರದು ಇದ್ದರೆ ಪ್ಯಾಕೆಟ್ (ಡೇಟಾದ ತುಣುಕು) ಬೆಂಗಳೂರನ್ನೋ ಚೆನ್ನೈಯನ್ನೋ ಸುತ್ತಿ ಬರಬಹುದು.

ಹಾಗಾಗಿ ಮೊದಲು ಅಳತೆ. ಪ್ರತಿ ಊರಿನಿಂದ ಉಳಿದ ಎಂಟಕ್ಕೂ ನಿಮಿಷಕ್ಕೊಮ್ಮೆ ಪಿಂಗ್ (ಹೋಗಿ ಬರುವ ಹೊತ್ತು ಅಳೆಯುವ ಸಣ್ಣ ಸಂದೇಶ), ಕನಿಷ್ಠ ಒಂದು ವಾರ. ಸರಾಸರಿಯನ್ನು ನಂಬಬೇಡಿ, 100ರಲ್ಲಿ 95 ಪಿಂಗ್‌ಗಳು ಎಷ್ಟರೊಳಗೆ ಮರಳಿದವು ಎಂಬ ಅಂಕಿ ತೆಗೆದುಕೊಳ್ಳಿ. ಹೋಗುವ ದಾರಿಯೇ ಬರುವ ದಾರಿಯಾಗಿರಬೇಕೆಂದಿಲ್ಲ, ದಾರಿಯ ಒಂದೊಂದು ಹಂತವನ್ನೂ ತೋರಿಸುವ ಟ್ರೇಸ್‌ರೂಟ್ ಅನ್ನು ಎರಡೂ ತುದಿಯಿಂದ ಮಾಡಿ. ಯಾವ ಊರಿನಿಂದ ಎಷ್ಟು ಕೋರಿಕೆ ಬರುತ್ತವೆ ಎಂಬುದು ಸರ್ವರ್ ಲಾಗ್‌ನಲ್ಲಿ ಸಿಗುತ್ತದೆ. ಭತ್ತದ ಸುಗ್ಗಿಯ ಅಂಕಿಯನ್ನೇ ಹಿಡಿಯಿರಿ. ಉಳಿದ ಕಾಲದ್ದು ಕಾರಟಗಿ, ಸಿಂಧನೂರಿನ ಹೊರೆಯನ್ನು ಕಡಿಮೆ ತೋರಿಸುತ್ತದೆ.

ಸೇವೆ ಬೇಕಾದ ಊರೆಲ್ಲ ಸರ್ವರ್ ಇಡಲು ತಕ್ಕ ಊರಲ್ಲ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಯುಪಿಎಸ್‌ನ ಲೆಡ್ ಬ್ಯಾಟರಿಯ ಆಯಸ್ಸು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಗಿರಣಿಯ ತೌಡಿನ ಧೂಳು ಸರ್ವರ್‌ನ ಫ್ಯಾನಿಗೆ ಕಟ್ಟಿಕೊಳ್ಳುತ್ತದೆ. ಜನರೇಟರ್ ಮೇಲೆ ಓಡುವ ಎಸಿ ಇಲ್ಲದ ಜಾಗಗಳನ್ನು ಲೆಕ್ಕಕ್ಕೆ ಮುಂಚೆಯೇ ಪಟ್ಟಿಯಿಂದ ಬಿಡುತ್ತೇನೆ.

ಲೆಕ್ಕ ಇಷ್ಟೇ: ಆಯ್ದ ಜಾಗಗಳಲ್ಲಿ ಪ್ರತಿ ಊರಿಗೆ ಹತ್ತಿರದ್ದು ಯಾವುದೋ ಅದಕ್ಕೆ ತಗಲುವ ವಿಳಂಬವನ್ನು ಆ ಊರಿನ ಕೋರಿಕೆಗಳಿಂದ ಗುಣಿಸಿ, ಎಲ್ಲ ಕೂಡಿಸಿ, ಮೊತ್ತ ಕನಿಷ್ಠವಾಗುವ ಆಯ್ಕೆ ಹುಡುಕುವುದು. ಒಂಬತ್ತರಲ್ಲಿ ಮೂರನ್ನು ಆರಿಸಲು 84 ದಾರಿ, ಸ್ಪ್ರೆಡ್‌ಶೀಟ್ ಸಾಕು. 40ರಲ್ಲಿ 8 ಎಂದರೆ ಸುಮಾರು 7.7 ಕೋಟಿ, ಸಣ್ಣ ಪ್ರೋಗ್ರಾಂ ಮಾಡುತ್ತದೆ. 200ರಲ್ಲಿ 10 ಎಂದರೆ 17 ಅಂಕಿಯ ಸಂಖ್ಯೆ, ಎಲ್ಲವನ್ನೂ ನೋಡಲಾಗದು. ಅಲ್ಲಿ ಹೆಚ್ಚು ಲಾಭ ಕೊಡುವ ಜಾಗವನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ, ಕೊನೆಗೆ ಒಳಗಿನದೊಂದನ್ನು ಹೊರಗಿನದರೊಂದಿಗೆ ಅದಲುಬದಲು ಮಾಡಿ ನೋಡಬೇಕು. ಯಾವ ಬದಲಿಯೂ ಮೊತ್ತ ಇಳಿಸದಿದ್ದಾಗ ನಿಲ್ಲಿಸಬಹುದು. ಹೀಗೆ ಸಿಕ್ಕ ಉತ್ತರ ಅತ್ಯುತ್ತಮದ 5 ಪಟ್ಟನ್ನು ಮೀರದು ಎಂಬುದಕ್ಕೆ ಗಣಿತದ ಪುರಾವೆ ಇದೆ, ಆದರೆ ನೇರ ದಾರಿ ಎಂದೂ ಸುತ್ತುದಾರಿಗಿಂತ ದೂರವಾಗದ ಜಾಲಕ್ಕೆ ಮಾತ್ರ. ನಮ್ಮ ಲೈನ್‌ಗಳು ಆ ಷರತ್ತನ್ನು ಮುರಿಯುತ್ತವೆ. ಮೊತ್ತವೊಂದನ್ನೇ ನೋಡಿದರೆ ಜನ ಕಡಿಮೆಯಿರುವ ಮಾನ್ವಿ ಸೊರಗುತ್ತದೆ. ಯಾವ ಊರಿಗೂ ಇಷ್ಟಕ್ಕಿಂತ ಹೆಚ್ಚು ವಿಳಂಬ ಬೇಡ ಎಂಬ ಮಿತಿಯನ್ನೂ ಹಾಕಿ.

ಬಿಲ್ಲಿಂಗ್ ಪ್ರೋಗ್ರಾಂ ಮತ್ತು ಅದರ ಡೇಟಾಬೇಸ್ ಎಂದೂ ಬೇರೆಬೇರೆ ಊರಲ್ಲಿರಬಾರದು. ಒಂದು ಪರದೆ ತೆರೆಯಲು ಡೇಟಾಬೇಸ್‌ಗೆ ಒಂದರ ಹಿಂದೊಂದು 40 ಪ್ರಶ್ನೆ ಹೋದರೆ, 20 ಮಿಲಿಸೆಕೆಂಡಿನ ಲೈನ್‌ನಲ್ಲಿ ಕಾಯುವುದೇ 800 ಮಿಲಿಸೆಕೆಂಡ್. ಬಹುಮತದಿಂದ ನಡೆಯುವ, ಅಂದರೆ ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಒಪ್ಪಿದರೆ ಮಾತ್ರ ಬರೆದುಕೊಳ್ಳುವ ಡೇಟಾಬೇಸ್‌ಗೆ ಎರಡು ಪ್ರತಿ ಸಾಲದು, ಒಂದು ಬಿದ್ದರೆ ಇನ್ನೊಂದು ಬರೆಯಲಾರದು. ಮೂರು ಬೇಕು. ಮುಖ್ಯ ಪ್ರತಿ ಬಳ್ಳಾರಿಯಲ್ಲಿದ್ದು ಸಿಂಧನೂರು 6, ರಾಯಚೂರು 30 ಮಿಲಿಸೆಕೆಂಡ್ ದೂರವಿದ್ದರೆ ಎರಡು ಪ್ರತಿ ಒಪ್ಪಿದರೆ ಸಾಕಾದ್ದರಿಂದ ಬರೆಯುವ ಕೆಲಸ ಸುಮಾರು 6ರಲ್ಲೇ ಮುಗಿಯುತ್ತದೆ. ಮೂರನೆಯದು ದೂರವಿದ್ದರೂ ಅಡ್ಡಿಯಿಲ್ಲ. ಆ ಮೂರೂ ಊರಿನ ಕೇಬಲ್ ಒಂದೇ ರಸ್ತೆಬದಿಯ ಒಂದೇ ಗುಂಡಿಯಲ್ಲಿ ಹೋಗಿದ್ದರೆ ಮಾತ್ರ ಒಂದು ಜೆಸಿಬಿ ಅಗೆದರೆ ಎಲ್ಲವೂ ಕಡಿದುಹೋಗುತ್ತದೆ. ಕಂಪನಿ ಎರಡು ಎಂದ ಮಾತ್ರಕ್ಕೆ ದಾರಿ ಎರಡಲ್ಲ. ಕೇಬಲ್ ದಾರಿಯ ನಕ್ಷೆಯನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ಜಾಲದ ವಿಳಾಸ ಹಂಚುವ ಸೇವೆ) ಆಯಾ ಊರಿನ ರೌಟರ್‌ನಲ್ಲೇ ಇರಲಿ. ಕ್ಯಾಮೆರಾ ರೆಕಾರ್ಡಿಂಗೂ ಅಲ್ಲೇ: 4 ಎಂಬಿಪಿಎಸ್‌ನ (ಸೆಕೆಂಡಿಗೆ ಮೆಗಾಬಿಟ್) 16 ಕ್ಯಾಮೆರಾ ಎಂದರೆ 64 ಎಂಬಿಪಿಎಸ್, ದಿನಕ್ಕೆ ಸುಮಾರು 690 ಜಿಬಿ. ಅಷ್ಟನ್ನು ಲೈನ್ ಮೇಲೆ ಬೇರೆ ಊರಿಗೆ ಕಳಿಸುವುದು ಬೇಡ.

ಸೇವೆಯನ್ನು ಸ್ಥಳಾಂತರಿಸುವಾಗ ಡಿಎನ್‌ಎಸ್ ಟಿಟಿಎಲ್ (ಕೇಳಿ ತಿಳಿದ ವಿಳಾಸವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಎಂಬ ಅಂಕಿ) 86400 ಇದ್ದರೆ 300ಕ್ಕೆ ಇಳಿಸಿ, ಒಂದು ಪೂರ್ತಿ ದಿನ ಕಾದು, ಆಮೇಲೆ ವಿಳಾಸ ಬದಲಿಸಿ. ಹಳೆಯ ಸರ್ವರ್‌ನ ಲಾಗ್‌ನಲ್ಲಿ ಕೋರಿಕೆ ಪೂರ್ತಿ ನಿಂತ ಮೇಲೆಯೇ ಅದನ್ನು ಬಂದ್ ಮಾಡಿ.